ಹಿಡಿದ ಕೈ ಬಿಡದ ಚಿತ್ರಗಳು, ನಡುದಾರಿಯಲ್ಲಿ ಬಿಟ್ಟ ಚಿತ್ರಗಳು

ಪ್ರಶ್ನೆ: 2022ರಲ್ಲಿ ‘ಕೆಜಿಎಫ್: ಚಾಪ್ಟರ್ 2’ ಮತ್ತು ‘ಕಾಂತಾರ’ ಬಂದು ಇಡೀ ದೇಶ ಕನ್ನಡ ಚಿತ್ರಗಳತ್ತ ತಿರುಗಿ ನೋಡಿತು. ಅದರ ಮರುವರ್ಷ ಸಪ್ಪೆಯಾಗಿ ಹೋಯಿತು ಎಂದು ನನ್ನ ಗೆಳೆಯರು ವಾದಿಸುತ್ತಾರೆ. 2023ರ ಕನ್ನಡ ಚಿತ್ರಗಳಲ್ಲಿ ನಿಮಗೆ ವೈಯಕ್ತಿಕವಾಗಿ ಹಿಡಿಸಿದವು ಯಾವುವು, ನಿರಾಸೆ ತಂದವು ಯಾವುವು? ಪಿಯುಸಿ ಓದುತ್ತಿರುವ ನನ್ನ ಮಗಳಿಗೆ ಆ ವರ್ಷದ ಒಂದೇ ಒಂದು ಚಿತ್ರ ತೋರಿಸುವುದಾದರೆ ಯಾವುದನ್ನು ತೋರಿಸಲಿ?
— ಸಾಗರದ ಓದುಗರೊಬ್ಬರು

ಉತ್ತರ: ನಿಮ್ಮ ಗೆಳೆಯರ ವಾದವನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ, ಒಪ್ಪಲು ಮಾತ್ರ ನನ್ನಿಂದ ಆಗಿಲ್ಲ. 2022ರ ಏಪ್ರಿಲ್ 14ರಂದು ತೆರೆಕಂಡ ‘ಕೆಜಿಎಫ್: ಚಾಪ್ಟರ್ 2’ ಸಾವಿರ ಕೋಟಿ ರೂಪಾಯಿಯ ಗಳಿಕೆಯನ್ನು ದಾಟಿತು, ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ ಕರಾವಳಿಯ ದೈವಾರಾಧನೆಯನ್ನು ಅದರ ಹೆಸರನ್ನೂ ಕೇಳಿರದ ಊರುಗಳಿಗೆ ಒಯ್ದಿತು. ಆ ಎತ್ತರದ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ವರ್ಷವಾದರೂ ಗಿಡ್ಡವಾಗಿಯೇ ಕಾಣುತ್ತದೆ. ಆದರೆ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ನಿರ್ಮಾಪಕರಿಗೂ ವಿತರಕರಿಗೂ ಬಿಟ್ಟು, ಟಿಕೆಟು ಕೊಂಡು ಕತ್ತಲಲ್ಲಿ ಕೂತ ಪ್ರೇಕ್ಷಕನ ಕುರ್ಚಿಯಿಂದ ನೋಡಿದರೆ, ಮನೆಗೆ ಬಂದ ಮೇಲೂ ಮಾತಾಡುತ್ತಲೇ ಇರಬೇಕೆನಿಸುವ ಸಂಜೆಗಳನ್ನು ನನಗೆ 2023 ಹೆಚ್ಚು ಕೊಟ್ಟಿತು. ಬಹುಕಾಲದಿಂದ ಚಿತ್ರ ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳುತ್ತಾ ಬಂದಿರುವವನು ನಾನು. ಆದರೂ ಇಲ್ಲಿ ಬರೆಯುತ್ತಿರುವುದನ್ನು ಪಾಠವೆಂದು ಭಾವಿಸದೆ, ನೀವು ಕೇಳಿದಂತೆಯೇ, ಒಬ್ಬ ಅಭಿಮಾನಿಯ ಮೆಚ್ಚುಗೆ ಮತ್ತು ಬೇಸರ ಎಂದು ಓದಿಕೊಳ್ಳಬೇಕಾಗಿ ವಿನಂತಿ.

ನಾನು ಬಳಸುವ ಅಳತೆಗೋಲು ಯಾವುದೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಚಿತ್ರವೇ ಆಗಲಿ, ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಒಬ್ಬ ವ್ಯಕ್ತಿಯ ಕೈಗೆ ನಮ್ಮ ಕೈಯನ್ನು ಕೊಟ್ಟು, ಇವನನ್ನು ನೋಡಿ, ಇವಳ ಮಾತು ಕೇಳಿ ಎಂದು ನಮ್ಮನ್ನು ಒಳಗೆ ಕರೆದುಕೊಳ್ಳುತ್ತದೆ. ಕೊನೆಯವರೆಗೂ ಆ ಕೈಯನ್ನು ಅದು ಹಿಡಿದಿತ್ತೇ, ಅಥವಾ ಹೊಡೆದಾಟಕ್ಕೋ ಅಬ್ಬರಕ್ಕೋ ಮುಂದಿನ ಭಾಗದ ಘೋಷಣೆಗೋ ಆಸೆಪಟ್ಟು ನಡುದಾರಿಯಲ್ಲಿ ಬಿಟ್ಟುಬಿಟ್ಟಿತೇ ಎಂಬುದೊಂದೇ ನನ್ನ ಪ್ರಶ್ನೆ. 2023ರ ನನ್ನ ಸಂತೋಷಗಳೂ ನಿರಾಸೆಗಳೂ ಈ ಒಂದು ಪ್ರಶ್ನೆಯ ಎರಡು ಬದಿಗಳಲ್ಲಿ ನಿಲ್ಲುತ್ತವೆ.

ಮೇ 19ರಂದು ಬಿಡುಗಡೆಯಾದ ‘ಡೇರ್‌ಡೆವಿಲ್ ಮುಸ್ತಾಫಾ’ ನನಗೆ ಆ ವರ್ಷದ ಅತ್ಯಂತ ಪ್ರೀತಿಯ ಚಿತ್ರ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿರುವ ಕತೆಯನ್ನು ಹೊಸ ನಿರ್ದೇಶಕ ಶಶಾಂಕ್ ಸೋಗಾಲ್ ತೆರೆಗೆ ತಂದರು. ಬಂಡವಾಳವನ್ನು ಹೂಡಿದವರು ತೇಜಸ್ವಿಯವರ ಓದುಗರು. ಈ ಸಂಗತಿಯನ್ನು ನಾನು ಮೇಲಿಂದ ಮೇಲೆ ನೆನೆಯುತ್ತೇನೆ. ಅದೇ ಸಂಕಲನದಿಂದ ಹಿಂದೆ ಎನ್. ಲಕ್ಷ್ಮೀನಾರಾಯಣ ‘ಅಬಚೂರಿನ ಪೋಸ್ಟಾಫೀಸ್’ ಮಾಡಿದ್ದರು, ಗಿರೀಶ ಕಾಸರವಳ್ಳಿ ‘ತಬರನ ಕಥೆ’ ಮಾಡಿದ್ದರು, ಸದಾನಂದ ಸುವರ್ಣ ‘ಕುಬಿ ಮತ್ತು ಇಯಾಲ’ ಮಾಡಿದ್ದರು. ಅಂಥ ಹಿರಿಯರು ನಡೆದ ದಾರಿಯಲ್ಲಿ ಹೊಸಬರು ಹೆಜ್ಜೆಯಿಡುವಾಗ ಭಯಭಕ್ತಿಯಿಂದ ಮೈ ಬಿಗಿಹಿಡಿದುಕೊಳ್ಳುವುದು ಸಹಜ. ಈ ತಂಡ ಹಾಗೆ ಮಾಡಲಿಲ್ಲ. ಕಾಲೇಜಿನ ತರಗತಿಗೆ ಮೊದಲ ಬಾರಿಗೆ ಒಬ್ಬ ಮುಸ್ಲಿಂ ಹುಡುಗ ಸೇರುತ್ತಾನೆ. ಅವನಿಗಿಂತ ಮೊದಲು ಅವನ ಬಗೆಗಿನ ಊಹೆಗಳು ತರಗತಿಯೊಳಗೆ ಬಂದು ಕೂರುತ್ತವೆ. ರಾಮಾನುಜ ಅಯ್ಯಂಗಾರಿ ಮತ್ತವನ ಗೆಳೆಯರು ಆ ಊಹೆಗಳನ್ನೇ ನಿಜವೆಂದು ನಂಬಿ ಸೆಣಸಲು ನಿಲ್ಲುತ್ತಾರೆ. ಇಷ್ಟು ಕತೆಯನ್ನು ಚಿತ್ರ ನಗುನಗುತ್ತಲೇ ಹೇಳುತ್ತದೆ.

ಆ ನಗುವಿನ ಬೆಲೆ ಗೊತ್ತಾಗಬೇಕಾದರೆ ಚಿತ್ರ ಬಂದ ಕಾಲವನ್ನು ನೆನೆಯಬೇಕು. ಅದರ ಹಿಂದಿನ ವರ್ಷವಷ್ಟೇ ನಮ್ಮ ಕಾಲೇಜುಗಳ ಗೇಟಿನ ಮುಂದೆ ಹುಡುಗ ಹುಡುಗಿಯರು ಶಾಲು ಮತ್ತು ಹಿಜಾಬಿನ ವಿಷಯವಾಗಿ ಎದುರುಬದುರಾಗಿ ನಿಂತದ್ದನ್ನು ನಾವೆಲ್ಲ ಕಂಡಿದ್ದೆವು. ವಿಧಾನಸಭಾ ಚುನಾವಣೆಯ ಫಲಿತಾಂಶ ಹೊರಬಿದ್ದು ಆರು ದಿನಗಳಾಗಿದ್ದವು, ಮಾತೆಲ್ಲ ಪಕ್ಷ ಹಿಡಿದು ಆಡುವ ಮಾತಾಗಿದ್ದ ಹೊತ್ತು. ಅಂಥ ಸಮಯದಲ್ಲಿ ಉಪದೇಶದ ಚಿತ್ರವೊಂದನ್ನು ಮಾಡಿದ್ದರೆ ಒಪ್ಪುವವರು ಒಪ್ಪುತ್ತಿದ್ದರು, ಒಪ್ಪದವರು ಚಿತ್ರಮಂದಿರದ ಕಡೆಗೇ ಬರುತ್ತಿರಲಿಲ್ಲ. ಶಿಶಿರ್ ಬೈಕಾಡಿ ಅಭಿನಯಿಸಿದ ಮುಸ್ತಾಫಾ ಯಾವ ಸಮುದಾಯದ ಪ್ರತಿನಿಧಿಯಾಗಿಯೂ ನಿಲ್ಲದೆ, ತುಸು ಜಂಬದ, ತುಸು ಒಂಟಿಯಾದ, ಸೋಲಲು ಮನಸ್ಸಿಲ್ಲದ ಒಬ್ಬ ಹುಡುಗನಾಗಿಯೇ ಉಳಿದ. ಅಯ್ಯಂಗಾರಿಯಾಗಿ ಆದಿತ್ಯ ಆಶ್ರೀ ಕೂಡ ಖಳನಾಗಲಿಲ್ಲ. ಕ್ರಿಕೆಟ್ ಪಂದ್ಯದ ಭಾಗ ಇನ್ನೊಂದಿಷ್ಟು ಚುಟುಕಾಗಬಹುದಿತ್ತು ಎಂಬುದು ನನ್ನ ಒಂದೇ ತಕರಾರು. ತೇಜಸ್ವಿಯವರ ಕತೆ ಹೇಳದೆ ಬಿಟ್ಟ ಕೆಲವನ್ನು ಚಿತ್ರ ಅಲ್ಲಿ ಎತ್ತಿ ಹೇಳುತ್ತದೆ.

ಆ ವರ್ಷದ ಫೆಬ್ರವರಿ 20ರಂದು ನಿರ್ದೇಶಕ ಎಸ್.ಕೆ. ಭಗವಾನ್ ತೀರಿಕೊಂಡಿದ್ದರು. ದೊರೆ–ಭಗವಾನ್ ಜೋಡಿ ವಾಣಿಯವರ ‘ಎರಡು ಕನಸು’ ಮೊದಲಾದ ಕಾದಂಬರಿಗಳನ್ನು ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಗಳನ್ನಾಗಿಸಿದ ಕಾಲವೊಂದಿತ್ತು. ಓದುಗರೇ ಕೈಯಿಂದ ಹಣ ಹಾಕಿ ತಮ್ಮ ಲೇಖಕನ ಕತೆಯನ್ನು ಚಿತ್ರವಾಗಿಸಿದ್ದನ್ನು ಮೇ ತಿಂಗಳಲ್ಲಿ ನೋಡುವಾಗ ನನಗೆ ಭಗವಾನ್ ಅವರ ನೆನಪು ಬಂತು; ಕನ್ನಡ ಪುಸ್ತಕದಿಂದ ಕನ್ನಡ ತೆರೆಗೆ ಹೋಗುವ ಆ ಹಳೆಯ ಕಾಲುದಾರಿ ಇನ್ನೂ ಹುಲ್ಲು ಬೆಳೆದು ಮುಚ್ಚಿಹೋಗಿಲ್ಲ ಎಂಬ ಸಮಾಧಾನವೂ ಆಯಿತು.

ಜುಲೈ 21ರಂದು ಬಂದ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಚಿತ್ರದ ಸ್ವಭಾವ ಪೂರ್ತಿ ಬೇರೆ. ನಿತಿನ್ ಕೃಷ್ಣಮೂರ್ತಿ ನಿರ್ದೇಶಿಸಿದ ಈ ಚಿತ್ರದಲ್ಲಿ ಹಾಸ್ಟೆಲಿನ ವಾರ್ಡನ್ ಹೆಣವಾಗಿ ಸಿಗುತ್ತಾರೆ, ಪಕ್ಕದಲ್ಲಿ ಹುಡುಗರ ಹೆಸರು ಬರೆದಿಟ್ಟ ಚೀಟಿ. ಬೆಳಗಾಗುವುದರೊಳಗೆ ಏನಾದರೂ ಮಾಡಬೇಕೆಂದು ಇಡೀ ಹಾಸ್ಟೆಲು ಕಾರಿಡಾರುಗಳಲ್ಲಿ ಓಡಾಡುತ್ತದೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಹುಡುಗರ ಹೆಗಲಿಗೆ ಹೆಗಲು ತಾಗಿಸಿಕೊಂಡು ಓಡುತ್ತದೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ, ಅರ್ಧ ಮಾತು ಕಿವಿಗೆ ಬೀಳುವುದೇ ಇಲ್ಲ. ಹಾಸ್ಟೆಲಿನಲ್ಲಿದ್ದವರಿಗೆ ಗೊತ್ತು, ಅಲ್ಲಿನ ರಾತ್ರಿಗಳು ಇರುವುದೇ ಹಾಗೆ. ಇಲ್ಲಿ ಚಿತ್ರ ಕೈ ಹಿಡಿದದ್ದು ಒಬ್ಬ ವ್ಯಕ್ತಿಯನ್ನಲ್ಲ, ಒಂದು ಗುಂಪನ್ನು. ಆ ಗುಂಪಿನ ಭಯ ಮತ್ತು ಹುಚ್ಚಾಟ ಎರಡನ್ನೂ ಕೊನೆಯವರೆಗೆ ಒಂದೇ ಉಸಿರಿನಲ್ಲಿ ನಡೆಸಿತು. ಅದೇ ದಿನ ಕ್ರಿಸ್ಟೋಫರ್ ನೋಲನ್ ಅವರ ‘ಒಪೆನ್‌ಹೈಮರ್’, ಗ್ರೆಟಾ ಗರ್ವಿಗ್ ಅವರ ‘ಬಾರ್ಬಿ’ ಎರಡೂ ಜಗತ್ತಿನಾದ್ಯಂತ ಬಿಡುಗಡೆಯಾಗಿ, ಬೆಂಗಳೂರಿನ ಮಲ್ಟಿಪ್ಲೆಕ್ಸುಗಳ ಪರದೆಗಳಿಗೆ ಮುಗಿಬಿದ್ದಿದ್ದವು. ಅವುಗಳ ನಡುವೆ ಹೊಸ ಮುಖಗಳೇ ತುಂಬಿದ್ದ ಕನ್ನಡ ಚಿತ್ರಕ್ಕೆ ಕಾಲೇಜು ಹುಡುಗ ಹುಡುಗಿಯರು ದಂಡುಕಟ್ಟಿಕೊಂಡು ಬಂದದ್ದನ್ನು ನೋಡಿ, ನಮ್ಮ ಭಾಷೆಯಲ್ಲಿ ತರುಣರಿಗೆ ಸಿನಿಮಾ ಬೇಡವಾಗಿದೆ ಎಂಬ ಮಾತನ್ನು ನಾನು ನಂಬುವುದನ್ನೇ ಬಿಟ್ಟೆ.

ಒಂದು ವಾರ ಕಳೆದು, ಜುಲೈ 28ರಂದು, ‘ಆಚಾರ್ ಅಂಡ್ ಕೋ’ ಬಂತು. ಸಿಂಧು ಶ್ರೀನಿವಾಸಮೂರ್ತಿ ತಾವೇ ಬರೆದು, ನಿರ್ದೇಶಿಸಿ, ಸುಮಾ ಎಂಬ ಮುಖ್ಯ ಪಾತ್ರವನ್ನೂ ವಹಿಸಿದ ಚಿತ್ರವಿದು. ಅಶ್ವಿನಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ನಿರ್ಮಿಸಿತು, ಬಿಂದುಮಾಲಿನಿ ಸಂಗೀತ ಕೊಟ್ಟರು, ತೆರೆಯ ಹಿಂದಿನ ಹಲವು ವಿಭಾಗಗಳ ಹೊಣೆಯನ್ನು ಹೆಂಗಸರೇ ಹೊತ್ತರು. ಅರವತ್ತು ಎಪ್ಪತ್ತರ ದಶಕದ ಬೆಂಗಳೂರಿನಲ್ಲಿ ಹತ್ತು ಮಕ್ಕಳ ಸಂಸಾರ. ಹೆಣ್ಣುಮಕ್ಕಳಿಗೆ ಮದುವೆಯೇ ಗುರಿಯೆಂದು ನಂಬಿದ ಕಾಲದಲ್ಲಿ ಒಬ್ಬಳು ನಿಧಾನವಾಗಿ ತನ್ನ ಕಾಲ ಮೇಲೆ ನಿಲ್ಲುವುದನ್ನು ಕಲಿಯುತ್ತಾಳೆ. ಹಳೆಯ ಬೆಂಗಳೂರಿನ ಹಜಾರ, ಅಡುಗೆಮನೆ, ಗೇಟು, ಅಲ್ಲಿ ಆಡುತ್ತಿದ್ದ ಮೆಲುದನಿಯ ಕನ್ನಡ ಇವನ್ನೆಲ್ಲ ಇಷ್ಟು ಅಕ್ಕರೆಯಿಂದ ಕಟ್ಟಿದ ಚಿತ್ರವನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ನನಗೆ ಕೊರತೆ ಎನಿಸಿದ್ದು ಇಷ್ಟೇ: ಹತ್ತು ಮಕ್ಕಳಲ್ಲಿ ನಾಲ್ಕೈದು ಜನರಷ್ಟೇ ಮನುಷ್ಯರಾಗಿ ನೆನಪಿನಲ್ಲಿ ಉಳಿಯುತ್ತಾರೆ, ಮಿಕ್ಕವರು ಮನೆ ತುಂಬಿರುವುದನ್ನು ತೋರಿಸಲು ಬಂದವರಂತೆ ಹಿಂದೆ ನಿಂತುಬಿಡುತ್ತಾರೆ. ಸುಮಾಳ ಕೈಯನ್ನಂತೂ ಚಿತ್ರ ಬಿಡಲಿಲ್ಲ.

ಇನ್ನು ‘ಸಪ್ತ ಸಾಗರದಾಚೆ ಎಲ್ಲೋ’. ಇದರ ಬಗ್ಗೆ ನಾನು ತುಸು ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ಆ ವರ್ಷ ನನ್ನ ದೊಡ್ಡ ಸಂತೋಷಗಳಲ್ಲಿ ಒಂದೂ, ಎಲ್ಲಕ್ಕಿಂತ ಆಳವಾದ ನಿರಾಸೆಯೂ ಈ ಒಂದೇ ಕತೆಯ ಎರಡು ಭಾಗಗಳಲ್ಲಿ ಇವೆ. ಹೇಮಂತ್ ಎಂ. ರಾವ್ ನಿರ್ದೇಶನದ ಇದಕ್ಕೆ ಹೆಸರು ಬಂದದ್ದು ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ’ ಕವಿತೆಯಿಂದ. ಹಳೆಯ ಕ್ಯಾಸೆಟ್ಟಿನ ಎರಡು ಬದಿಗಳಂತೆ ಸೈಡ್ ಎ ಸೆಪ್ಟೆಂಬರ್ 1ರಂದು, ಸೈಡ್ ಬಿ ನವೆಂಬರ್ 17ರಂದು ಬಂದವು. ಮೊದಲ ಬದಿಯಲ್ಲಿ 2010ರ ಬೆಂಗಳೂರು. ಶ್ರೀಮಂತರ ಮನೆಯಲ್ಲಿ ಕಾರು ಓಡಿಸುವ ಮನು, ಹಾಡು ಕಲಿಯುವ ಪ್ರಿಯಾ, ಇಬ್ಬರಿಗೂ ಒಂದು ಮನೆಯ ಕನಸು; ಆ ಕನಸಿಗೆ ಹಣ ಬೇಗ ಕೂಡಲಿ ಎಂದು ಯಜಮಾನರ ಮಗನ ಅಪಘಾತದ ತಪ್ಪನ್ನು ಮನು ತನ್ನ ತಲೆಗೆ ಎಳೆದುಕೊಂಡು ಜೈಲಿಗೆ ಹೋಗುತ್ತಾನೆ. ಕೆಲವೇ ದಿನಗಳಲ್ಲಿ ಬಿಡಿಸುತ್ತೇವೆಂಬ ಮಾತು ವರ್ಷಗಳಾಗಿ ಬೆಳೆಯುತ್ತದೆ.

ಸೈಡ್ ಎ ನನ್ನನ್ನು ಹಿಡಿದಿಟ್ಟದ್ದು ರುಕ್ಮಿಣಿ ವಸಂತ್ ಅವರ ಪ್ರಿಯಾಳಿಂದ. ರಕ್ಷಿತ್ ಶೆಟ್ಟಿಯವರ ಮನು ಅವಸರದಲ್ಲಿ ಒಂದು ತಪ್ಪು ತೀರ್ಮಾನ ಮಾಡುತ್ತಾನೆ, ಅದರ ಭಾರವನ್ನು ದಿನದಿನವೂ ಹೊರುವವಳು ಅವಳು. ವಕೀಲರ ಬಾಗಿಲು, ಜೈಲಿನ ಭೇಟಿಯ ಸಾಲು, ಕಂಬಿಯ ಆಚೆ ಈಚೆ ಕೂಗಿ ಆಡಬೇಕಾದ ಮಾತು, ಇವೆಲ್ಲದರಲ್ಲಿ ಅವಳ ಮುಖ ಸಣ್ಣಗೆ ಬದಲಾಗುತ್ತಾ ಹೋಗುವುದನ್ನು ಅದ್ವೈತ ಗುರುಮೂರ್ತಿಯವರ ಕ್ಯಾಮೆರಾ ಆತುರಪಡದೆ ನೋಡುತ್ತದೆ. ನೀಲಿಯೇ ಪ್ರಧಾನವಾದ ಬಣ್ಣ, ಚರಣ್ ರಾಜ್ ಅವರ ಸಂಗೀತ, ಕಡಲಿನ ಸದ್ದು, ಇವು ಅಲಂಕಾರವಾಗಿ ಉಳಿಯದೆ ಅವಳ ಆಸೆಯ ಭಾಗವೇ ಆಗಿಬಿಟ್ಟವು. ಚಿತ್ರ ಮುಗಿದಾಗ ನನ್ನ ಪಕ್ಕದ ಸಾಲಿನಲ್ಲಿ ಕೂತಿದ್ದ ಹಿರಿಯ ದಂಪತಿ ದೀಪ ಹತ್ತಿದ ಮೇಲೂ ಏಳದೆ ಕೂತೇ ಇದ್ದರು. ನಾನೂ ಏಳಲಿಲ್ಲ.

ಸೈಡ್ ಬಿ ಬರುವ ತನಕ ಹನ್ನೊಂದು ವಾರ ಕಾದೆ. ಅಲ್ಲಿ ಹತ್ತು ವರ್ಷಗಳು ಕಳೆದಿವೆ, ನೀಲಿಯ ಜಾಗಕ್ಕೆ ಕೆಂಪು ಬಂದಿದೆ, ಹೊರಬಂದ ಮನು ಪ್ರಿಯಾಳ ಹೊಸ ಬದುಕನ್ನು ದೂರದಿಂದ ನೋಡುತ್ತಾನೆ. ಚೈತ್ರಾ ಜೆ. ಆಚಾರ್ ಅವರ ಸುರಭಿ, ಮನುವಿನ ಗೆಳೆಯನಾಗಿ ಗೋಪಾಲಕೃಷ್ಣ ದೇಶಪಾಂಡೆ, ಇಬ್ಬರ ಅಭಿನಯವೂ ನನಗೆ ತುಂಬ ಹಿಡಿಸಿತು. ಆದರೆ ಮೊದಲ ಬದಿಯಲ್ಲಿ ಕತೆಯನ್ನು ಹೆಗಲ ಮೇಲೆ ಹೊತ್ತು ನಡೆದ ಪ್ರಿಯಾ ಎರಡನೆಯ ಬದಿಯಲ್ಲಿ ಬರೇ ನೋಡಿಸಿಕೊಳ್ಳುವವಳಾದಳು. ಅವಳಿಗೆ ಈ ಹತ್ತು ವರ್ಷಗಳಲ್ಲಿ ಏನಾಯಿತು, ಹಾಡನ್ನು ಬಿಟ್ಟದ್ದು ಯಾವ ದಿನ, ಗಂಡನ ಪಕ್ಕದಲ್ಲಿ ಕೂತಾಗ ಅವಳು ಏನನ್ನು ನೆನೆಯುತ್ತಾಳೆ ಎಂಬ ಪ್ರಶ್ನೆಗಳನ್ನು ಎತ್ತಿಕೊಂಡು ನಾನು ಒಳಗೆ ಹೋಗಿದ್ದೆ. ಮನು ಕಿಟಕಿಯ ಈಚೆಯಿಂದ ಕಂಡಷ್ಟೇ ನನಗೂ ಕಂಡಿತು. ಅವನ ಗೀಳನ್ನು ತೋರಿಸುವುದೇ ಚಿತ್ರದ ಉದ್ದೇಶ, ಆದ್ದರಿಂದ ನೋಟವೂ ಅವನದ್ದೇ ಆಗಿರಬೇಕು ಎಂದು ಶಿಬಿರದ ವಿದ್ಯಾರ್ಥಿನಿಯೊಬ್ಬರು ನನ್ನೊಡನೆ ವಾದಿಸಿದ್ದುಂಟು. ಅದು ತೂಕವುಳ್ಳ ವಾದ. ಆದರೆ ರಮೇಶ್ ಇಂದಿರಾ ಅವರ ಸೋಮನ ಜೊತೆಗಿನ ಹಗೆತನಕ್ಕೆ, ಹೊಡೆದಾಟಕ್ಕೆ ಸಿಕ್ಕ ಸಮಯವನ್ನು ನೋಡಿದಾಗ, ಅಷ್ಟರಲ್ಲಿ ಅರ್ಧವಾದರೂ ಪ್ರಿಯಾಳಿಗೆ ಸಲ್ಲಬೇಕಿತ್ತು ಎಂಬ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಕಳಪೆ ಚಿತ್ರ ನಿರಾಸೆ ತರುವುದಿಲ್ಲ, ಮರೆತುಹೋಗುತ್ತದೆ. ಪ್ರೀತಿಸಿದ ಚಿತ್ರ ಎಡವಿದಾಗ ಮಾತ್ರ ನೋವಾಗುತ್ತದೆ.

ಹೆಚ್ಚು ಕಡಿಮೆ ಇದೇ ಬಗೆಯ ನೋವನ್ನು ಆಗಸ್ಟ್ 25ರಂದು ಬಂದ ‘ಟೋಬಿ’ಯೂ ಕೊಟ್ಟಿತು. ಟಿ.ಕೆ. ದಯಾನಂದ ಅವರ ಕತೆಯ ಮೇಲೆ ನಿಂತ, ಬಾಸಿಲ್ ನಿರ್ದೇಶಿಸಿದ ಈ ಚಿತ್ರದಲ್ಲಿ ಮಾತು ಬಾರದ ಟೋಬಿಯಾಗಿ ರಾಜ್ ಬಿ. ಶೆಟ್ಟಿ ಕಣ್ಣು ಮತ್ತು ಕೊರಳಿನ ಸದ್ದಿನಿಂದಲೇ ಒಂದು ಬದುಕನ್ನು ಕಟ್ಟಿದರು. ಸಾಕುಮಗಳೊಡನೆ ಅವನಿಗಿರುವ ನಂಟೇ ಚಿತ್ರದ ಜೀವ. ಕೊನೆಯ ಭಾಗದಲ್ಲಿ ರಕ್ತದ ಅಬ್ಬರ ಏರುತ್ತಾ ಹೋದಂತೆ ಆ ನಂಟು ಹಿಂದೆ ಸರಿದು, ನಾನು ತಿಳಿದುಕೊಂಡಿದ್ದ ಟೋಬಿಯ ಜಾಗದಲ್ಲಿ ಭಿತ್ತಿಪತ್ರದ ಟೋಬಿ ನಿಂತಂತಾಯಿತು. ಅದೇ ರಾಜ್ ಬಿ. ಶೆಟ್ಟಿ ಮೂರು ತಿಂಗಳಲ್ಲಿ, ನವೆಂಬರ್ 24ರಂದು, ತಾವೇ ನಿರ್ದೇಶಿಸಿದ ‘ಸ್ವಾತಿ ಮುತ್ತಿನ ಮಳೆ ಹನಿಯೇ’ ತಂದರು. ಹಂಸಲೇಖ ಅವರು 1990ರ ‘ಬಣ್ಣದ ಗೆಜ್ಜೆ’ಗೆ ಬರೆದ ಹಾಡಿನ ಸಾಲು ಹೆಸರಾಗಿರುವ ಈ ಚಿತ್ರದಲ್ಲಿ ಮಂಜು ಕವಿದ ಊಟಿ, ಸಾವಿಗೆ ಹತ್ತಿರವಾದವರನ್ನು ನೋಡಿಕೊಳ್ಳುವ ಆರೈಕೆ ಕೇಂದ್ರ, ಅಲ್ಲಿ ಆಪ್ತಸಮಾಲೋಚಕಿಯಾಗಿ ಪ್ರೇರಣಾ ಇದ್ದಾರೆ. ಸಿರಿ ರವಿಕುಮಾರ್ ಅವರ ಮೌನಕ್ಕೆ ಚಿತ್ರ ಪೂರ್ತಿ ಜಾಗ ಬಿಟ್ಟುಕೊಡುತ್ತದೆ. ಕೆಲವು ಸಂಭಾಷಣೆಗಳು ಸುಭಾಷಿತದ ಹಾಗೆ ಕೇಳಿಸಿದವಾದರೂ, ಸಾಯುತ್ತಿರುವವನಿಂದ ಬದುಕಿರುವವಳು ಕಲಿಯುವುದನ್ನು ಅಳು ಬರಿಸುವ ಆಟವನ್ನಾಗಿ ಮಾಡದೆ ಸಣ್ಣ ದನಿಯಲ್ಲಿ ಹೇಳಿದ ಸಂಯಮ ದೊಡ್ಡದು. ಪ್ರೇರಣಾಳ ಕೈ ಬಿಡದೆ ನಡೆದ ಚಿತ್ರವದು.

ದೊಡ್ಡ ಚಿತ್ರಗಳ ಕಡೆಗೆ ಬಂದರೆ, ಮಾರ್ಚ್ 17ರಂದು ಪುನೀತ್ ರಾಜ್‌ಕುಮಾರ್ ಅವರ ಹುಟ್ಟುಹಬ್ಬದ ದಿನ ತೆರೆಕಂಡ ಆರ್. ಚಂದ್ರು ನಿರ್ದೇಶನದ ‘ಕಬ್ಜ’ದ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಉಪೇಂದ್ರ, ಸುದೀಪ್, ಕೊನೆಯಲ್ಲಿ ಶಿವರಾಜ್‌ಕುಮಾರ್ ಇದ್ದ ಚಿತ್ರದಲ್ಲಿ ವಾಯುಪಡೆಯ ಅಧಿಕಾರಿಯೊಬ್ಬ ಭೂಗತ ಲೋಕಕ್ಕೆ ಇಳಿಯಬೇಕಾದ ದುರಂತವಿತ್ತು. ಅವನ ದುಃಖದ ಎದುರು ನಾವು ಕೂರುವ ಮೊದಲೇ ಕತ್ತಲು, ಬೂದುಬಣ್ಣ, ಕಿವಿಗಡಚಿಕ್ಕುವ ಸದ್ದು ಅವನನ್ನು ಮುಚ್ಚಿಬಿಟ್ಟವು. ಹಿಂದಿನ ವರ್ಷದ ಗೆಲುವಿನಿಂದ ಹೊರಮೈಯನ್ನಷ್ಟೇ ಎತ್ತಿಕೊಂಡಂತೆ ನನಗೆ ಕಂಡಿತು. ಜನವರಿ 26ರಂದು ಬಂದ ‘ಕ್ರಾಂತಿ’ ನನ್ನನ್ನು ಬೇರೆ ಕಾರಣಕ್ಕೆ ನೋಯಿಸಿತು. ಸರ್ಕಾರಿ ಶಾಲೆಗಳನ್ನು ಉಳಿಸುವ ಮಾತು ಅದರ ವಸ್ತು. ಸರ್ಕಾರಿ ಶಾಲೆಯಲ್ಲೇ ಅಕ್ಷರ ಕಲಿತ ನನಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. 2018ರಲ್ಲಿ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಮಕ್ಕಳ ಬೆಂಚಿನಲ್ಲಿ ಕೂತು ಆ ಮಾತನ್ನು ಆಡಿತ್ತು. ಇಲ್ಲಿ ಮಾತು ಭಾಷಣವಾಯಿತು, ಮಕ್ಕಳು ಕೇಳುಗರಾದರು.

ವರ್ಷದ ಕೊನೆಗೆ, ಡಿಸೆಂಬರ್ 29ರಂದು, ತರುಣ್ ಸುಧೀರ್ ನಿರ್ದೇಶಿಸಿದ ‘ಕಾಟೇರ’ ಬಂದಾಗ ನನ್ನ ಮನಸ್ಸು ಎರಡಾಗಿ ಸೀಳಿತು. ದೇವರಾಜ ಅರಸು ಅವರ ಸರ್ಕಾರ 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ, ಉಳುವವನೇ ಹೊಲದೊಡೆಯ ಎಂಬ ಮಾತು, ಗೇಣಿದಾರರು ಅರ್ಜಿ ಹಾಕಲು ಪಟ್ಟ ಪಾಡು, ಇವು ನಮ್ಮ ನಾಡಿನ ಲಕ್ಷಾಂತರ ಮನೆಗಳ ಕತೆ. ನಮ್ಮ ತಂದೆಯವರ ಬಾಯಲ್ಲಿ ಆ ಅರ್ಜಿಯ ಮಾತನ್ನು ಕೇಳುತ್ತಲೇ ನಾನು ಬೆಳೆದೆ. ಇಷ್ಟು ದೊಡ್ಡ ತಾರಾಬಲದ ಚಿತ್ರವೊಂದು ಆ ವಸ್ತುವನ್ನು ಕೈಗೆತ್ತಿಕೊಂಡು, ಕುಲುಮೆಯಲ್ಲಿ ಕಬ್ಬಿಣ ಬಡಿಯುವವನನ್ನು ನಾಯಕನನ್ನಾಗಿಸಿ, ಜಾತಿಯ ಅವಮಾನವನ್ನು ನೇರವಾಗಿ ತೋರಿಸಿ, ಸಂಭಾಷಣೆಕಾರ ಮಾಸ್ತಿಯವರ ಮಾತುಗಳಲ್ಲಿ ಹಳ್ಳಿಯ ಕನ್ನಡವನ್ನು ಬಾಯ್ತುಂಬ ಆಡಿಸಿದ್ದು ನನಗೆ ನಿಜವಾದ ಹೆಮ್ಮೆ ತಂದಿತು. ಆದರೆ ಕಾನೂನು ಗೆದ್ದದ್ದು ಜನ ಒಟ್ಟಾಗಿ ಸಾಲಿನಲ್ಲಿ ನಿಂತದ್ದರಿಂದ. ತೆರೆಯ ಮೇಲೆ ಗೆಲ್ಲಿಸಿದ್ದು ಬಹುಪಾಲು ಒಬ್ಬನ ಕೈಯ ಮಚ್ಚು. ಹೊಡೆದಾಟವೊಂದು ಮುಗಿದು ರೈತರ ಮುಖಗಳು ಮತ್ತೆ ಕಾಣಿಸಿಕೊಂಡಾಗಲೆಲ್ಲ, ಕ್ಯಾಮೆರಾ ಅಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಎಂದು ಆಶಿಸುತ್ತಿದ್ದೆ.

ಪ್ರದರ್ಶನದ ವಿಷಯವಾಗಿ ನನಗಿರುವ ಬೇಸರವನ್ನೂ ಹೇಳದೆ ಬಿಡಲಾರೆ. ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’ 2020ರಲ್ಲೇ ಬುಸಾನ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟ ಚಿತ್ರ. ಕೂಸನ್ನು ಭಿಕ್ಷೆಗೆ ಬಾಡಿಗೆ ಕೊಡುವ ಜಾಲದ ನಡುವೆ ತನ್ನ ಮಗುವನ್ನು ಹುಡುಕುವ ತಾಯಿಯಾಗಿ ಅಕ್ಷತಾ ಪಾಂಡವಪುರ ಅಪರೂಪದ ಅಭಿನಯ ನೀಡಿದ್ದಾರೆ. ಅದು ನಮ್ಮ ಚಿತ್ರಮಂದಿರಕ್ಕೆ ಬರಲು 2023ರ ತನಕ ಕಾಯಬೇಕಾಯಿತು. ನಾನು ಹೋದ ಮಲ್ಟಿಪ್ಲೆಕ್ಸಿನಲ್ಲಿ, ಇಂಥ ಸಣ್ಣ ಚಿತ್ರವೊಂದಕ್ಕೆ ಕೆಲಸದ ದಿನ ಮಧ್ಯಾಹ್ನದ ಒಂದೇ ಆಟವನ್ನು ಕೊಟ್ಟು, ಜನ ಬರುತ್ತಿಲ್ಲವೆಂದು ನಾಲ್ಕನೆಯ ದಿನಕ್ಕೆ ಅದನ್ನೂ ತೆಗೆದಿದ್ದರು. ಉದ್ಯೋಗಕ್ಕೆ ಹೋಗುವವರು ಮಧ್ಯಾಹ್ನ ಎರಡು ಗಂಟೆಗೆ ಬರುವುದಾದರೂ ಹೇಗೆ? ‘ಡೇರ್‌ಡೆವಿಲ್ ಮುಸ್ತಾಫಾ’ವನ್ನು ನೋಡಿದವರು ನೋಡದವರಿಗೆ ಹೇಳಿ, ಅವರು ಇನ್ನೊಬ್ಬರಿಗೆ ಹೇಳಿ, ಆಟಗಳನ್ನು ಉಳಿಸಿಕೊಂಡರು. ಎಲ್ಲ ಚಿತ್ರಗಳಿಗೂ ಅಂಥ ಓದುಗರ ಬಳಗ ಇರುವುದಿಲ್ಲ.

ನಿಮ್ಮ ಮಗಳಿಗೆ ಯಾವುದನ್ನು ತೋರಿಸಬೇಕೆಂದು ಕೇಳಿದ್ದೀರಿ. ಇಷ್ಟು ಓದಿದ ಮೇಲೆ ನನ್ನ ಉತ್ತರವನ್ನು ನೀವು ಊಹಿಸಿರುತ್ತೀರಿ: ‘ಡೇರ್‌ಡೆವಿಲ್ ಮುಸ್ತಾಫಾ’. ಅವರು ಈಗ ಕೂತಿರುವ ತರಗತಿಯಂಥದ್ದೇ ತರಗತಿಯ ಕತೆ ಅದು. ಸಾಗರದವರಾದ ನಿಮಗೆ ಮಲೆನಾಡಿನ ಆ ಊರನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಯೂ ಇಲ್ಲ. ಚಿತ್ರ ನೋಡುವ ಮೊದಲು ಕತೆಯನ್ನು ಓದಿಸಬೇಡಿ, ನೋಡಿದ ಮರುದಿನ ಓದಲು ಕೊಡಿ. ತೇಜಸ್ವಿ ಬರೆದದ್ದರಲ್ಲಿ ಯಾವುದನ್ನು ಉಳಿಸಿಕೊಂಡಿದ್ದಾರೆ, ಯಾವುದನ್ನು ಹೊಸದಾಗಿ ಸೇರಿಸಿದ್ದಾರೆ ಎಂದು ಅವರೇ ಗುರುತು ಹಾಕಿಕೊಂಡು ನಿಮ್ಮೊಡನೆ ಮಾತಿಗೆ ಕೂರಲಿ. ಆ ಕ್ರಿಕೆಟ್ ಪಂದ್ಯ ತುಸು ಉದ್ದವಾಯಿತು ಎಂಬ ನನ್ನ ಮಾತನ್ನು ಅವರು ಒಪ್ಪದಿದ್ದರೆ, ಕಾರಣಗಳನ್ನು ನನಗೆ ಖಂಡಿತ ಬರೆದು ತಿಳಿಸಲು ಹೇಳಿ.